ಎಡಕ್ಕೆ ನೋಡುವ ಸೈನಿಕರು

ಊಟದ ಮೇಜಿನ ಮೇಲೆ ಊಟ ಮಾಡಿ ಆ ಮನೆಯವರಿಗೆ ನಾಲ್ಕು ವರ್ಷವಾಗಿತ್ತು. ಅಲ್ಲಿ ಮೂವತ್ತೊಂಬತ್ತು ಸೈನಿಕರು ಬಿಡಾರ ಹೂಡಿದ್ದರು. ಒಬ್ಬೊಬ್ಬನೂ ಹೆಬ್ಬೆರಳಿನ ಅರ್ಧದಷ್ಟು ಎತ್ತರ. ಪ್ಲಾಸ್ಟಿಕ್ಕಿನ ಮೈ, ಕೈಯಲ್ಲಿ ಈಟಿ, ಹೆಗಲಿಗೆ ನೀಲಿ ಮೇಲಂಗಿ. ಯಾವ ಕಾಲದಲ್ಲೂ ಯಾವ ಭೂಪಟದಲ್ಲೂ ಇರದ ಒಂದು ರಾಜ್ಯಕ್ಕಾಗಿ ಪ್ರಾಣ ಕೊಡಲು ಎಲ್ಲರೂ ಸಿದ್ಧರಾಗಿದ್ದರು. ಕೊಡುವ ಸಂದರ್ಭ ಮಾತ್ರ ಬಂದಿರಲಿಲ್ಲ, ಏಕೆಂದರೆ ಅವರಿಗೆ ಬಣ್ಣ ಹಚ್ಚುವುದು ಇನ್ನೂ ಮುಗಿದಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದಾಗ ಅವರು ನಲವತ್ತು ಜನ. ಮೊದಲ ವರ್ಷವೇ ಒಬ್ಬ ಕಾಣೆಯಾದ. ಉಳಿದವರ ಗತಿ ನೋಡಿದರೆ ಅವನೊಬ್ಬನಿಗೇ ಬುದ್ಧಿಯಿತ್ತು ಎಂದು ಮನೆಯೊಡತಿಯ ಅಭಿಪ್ರಾಯ.

ಮನೆಯ ಮೂವರು, ಗಂಡ, ಹೆಂಡತಿ, ಒಬ್ಬಳೇ ಮಗಳು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಮನೆಯೊಡತಿ ಹೊಲಿಗೆ ಕೆಲಸದವಳು. ಬೀದಿಯವರ ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಅಸ್ತರು ಬದಲಿಸುವುದು, ಮೈ ಬಂದವರ ಉಡುಪಿನ ಪಕ್ಕ ಬಿಚ್ಚಿ ಮರುಮಾತಿಲ್ಲದೆ ಅಗಲ ಮಾಡಿಕೊಡುವುದು ಅವಳ ಕಸುಬು. ಮೊದಲು ಬಟ್ಟೆ ಕತ್ತರಿಸುತ್ತಿದ್ದುದು ಆ ಮೇಜಿನ ಮೇಲೆಯೇ. ಈಗ ಅದರ ಗೋಡೆಯ ಕಡೆಯ ಅರ್ಧದಲ್ಲಿ ಇಸ್ತ್ರಿಯ ಬಟ್ಟೆ ಇಡಲಷ್ಟೇ ಜಾಗ. ಕತ್ತರಿಸುವುದು ಮಂಚದ ಮೇಲೆ ಹರಡಿಕೊಂಡು, ಬೆನ್ನು ಬಗ್ಗಿಸಿ. ಸೈನಿಕರಿಗೆ ಬೆನ್ನುನೋವಿಲ್ಲವಲ್ಲ, ಅಷ್ಟು ಸಮಾಧಾನ.

ಯಜಮಾನರದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ಆ ಬಡಾವಣೆಯಲ್ಲಿ ಮೂಗು ಇದ್ದವರೆಲ್ಲ ಅವರ ಗಿರಾಕಿಗಳೇ. ಹಗಲು ಪೂರ್ತಿ ಊರಿನವರ ಕಣ್ಣು ಪರೀಕ್ಷಿಸಿ ಸಂಜೆ ಮನೆಗೆ ಬಂದರೆ, ಕೈಕಾಲು ತೊಳೆದು, ಮೇಜಿನ ದೀಪ ಹಾಕಿ, ಕಂಬಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ಎಳೆದುಕೊಂಡು, ಎಡಗಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ ಅವರನ್ನು ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಉಸಿರು ಅಲುಗಿ, ಉಸಿರು ಅಲುಗಿದರೆ ಕೈ ಅಲುಗಿ, ಕೈ ಅಲುಗಿದರೆ ರಾಜ್ಯ ಮುಳುಗಿಹೋಗುತ್ತಿತ್ತು.

ಬಣ್ಣದ ಪುಟ್ಟ ಬಾಟಲಿಗಳು ನೂರರ ಹತ್ತಿರ ಇದ್ದವು. ಕಂದು ಬಣ್ಣವೇ ಹದಿನಾಲ್ಕು. ಒಂದು ಚರ್ಮದ ಬೆಲ್ಟಿಗೆ, ಒಂದು ಹಳೆಯ ಚರ್ಮದ ಬೆಲ್ಟಿಗೆ, ಇನ್ನೊಂದು ಮಳೆಯಲ್ಲಿ ನೆಂದ ಹಳೆಯ ಚರ್ಮದ ಬೆಲ್ಟಿಗೆ. ಮಗಳ ಊಟದ ಡಬ್ಬಿಯೊಂದು ಶಾಲೆ ಬಿಟ್ಟು ಯುದ್ಧಕ್ಕೆ ಸೇರಿತ್ತು. ಅದರ ತಳದಲ್ಲಿ ಒದ್ದೆ ಸ್ಪಂಜು, ಮೇಲೆ ಕೇಕಿನ ತಟ್ಟೆಗೆ ಹಾಸುವ ಕಾಗದ, ಅದರ ಮೇಲೆ ಬಣ್ಣದ ಹನಿ. ಹೀಗೆ ಮಾಡಿದರೆ ಬಣ್ಣ ಒಣಗುವುದಿಲ್ಲವಂತೆ. ಯಜಮಾನರು ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ನೆಕ್ಕಿ ಚೂಪು ಮಾಡುತ್ತಿದ್ದರು. ಬ್ರಶ್ಶನ್ನು ಟೀಯಲ್ಲಿ ಅದ್ದಿ, ಬಣ್ಣದ ನೀರನ್ನು ಕುಡಿದದ್ದು ಎರಡು ಸಲ. ಎರಡು ಸಲವೂ ಟೀ ಇವತ್ತು ಯಾಕೋ ಸಪ್ಪೆ ಎಂದು ಹೆಂಡತಿಗೇ ಹೇಳಿದ್ದರು.

ನಾಲ್ಕು ವರ್ಷ ಕೇಳಿ ಕೇಳಿ ಅವಳಿಗೂ ಈ ವಿದ್ಯೆ ಬಾಯಿಪಾಠವಾಗಿತ್ತು. ಮೊದಲು ಬಣ್ಣ ಹಿಡಿಯಲೆಂದು ಪ್ರೈಮರ್. ಅದರ ಮೇಲೆ ಮೂಲ ಬಣ್ಣ, ನೀರು ಬೆರೆಸಿ ತೆಳುವಾಗಿ ಎರಡು ಸಲ. ಗಟ್ಟಿಯಾಗಿ ಒಂದೇ ಸಲ ಬಳಿದರೆ ಮುಖದ ಮೂಗು ಬಾಯಿ ಮುಚ್ಚಿಹೋಗುತ್ತವೆ. ಆಮೇಲೆ ವಾಶ್ ಎಂಬ ಕಪ್ಪು ನೀರು. ಅದು ತಾನಾಗಿ ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಅದು ಒಣಗಿದ ಮೇಲೆ ಬ್ರಶ್ಶನ್ನು ಚಿಂದಿಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ ಉಬ್ಬಿದ ಅಂಚುಗಳ ಮೇಲೆ ಸವರುವುದು. ಚಿಂದಿ ಎಲ್ಲಿಂದ ಎಂದು ಕೇಳಬೇಕಾಗಿಲ್ಲ. ಹೊಲಿಗೆಯವಳ ಮನೆಯಲ್ಲಿ ಅದಕ್ಕೇನು ಬರ. ಒಮ್ಮೆ ಒಬ್ಬ ಗಿರಾಕಿಯ ಅಂಗಿಯ ತೋಳಿನ ಮೇಲೂ ನೆಂದ ಹಳೆಯ ಚರ್ಮದ ಕಂದು ಸಿಕ್ಕಿತ್ತು.

ಎಲ್ಲಕ್ಕೂ ಕೊನೆಗೆ ಕಣ್ಣು. ಅಕ್ಕಿಕಾಳಿಗಿಂತ ಚಿಕ್ಕ ಜಾಗದಲ್ಲಿ ಒಂದು ಬಿಳಿ ಗೆರೆ, ಅದರ ನಡುವೆ ಒಂದು ಕರಿ ಚುಕ್ಕೆ. ಅಲ್ಲಿಗೆ ಬಂದು ಯಜಮಾನರ ದಂಡು ಈಚಿನ ವರ್ಷಗಳಲ್ಲಿ ನಿಲ್ಲುತ್ತಿತ್ತು.

ಊರಿನಲ್ಲಿ ಈ ಆಟಕ್ಕೊಂದು ಕ್ಲಬ್ಬಿತ್ತು. ಪೀಠೋಪಕರಣದ ಅಂಗಡಿಯ ಮೇಲಿನ ಹಾಲಿನಲ್ಲಿ, ದೊಡ್ಡ ದೊಡ್ಡ ಹುದ್ದೆಯ ಗಂಡಸರು ಭಾನುವಾರ ಸೇರಿ, ದಾಳ ಉರುಳಿಸಿ, ಟೇಪಿನಲ್ಲಿ ಅಳೆದು ಸೈನಿಕರನ್ನು ಸರಿಸಿ, ಪರಸ್ಪರ ಸರ್ವನಾಶ ಮಾಡಿ ಟೀ ಕುಡಿದು ಮನೆಗೆ ಹೋಗುತ್ತಿದ್ದರು. ಅಲ್ಲಿನ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಬಾಯಿ ತೆರೆಸಿ ತಪ್ಪು ಹುಡುಕುವುದು ರೂಢಿಯಾದವರು. ಅವರ ಕಟ್ಟುನಿಟ್ಟಿನ ನಿಯಮ: ಬಣ್ಣ ಹಚ್ಚದ ಸೈನಿಕ ಮೇಜು ಹತ್ತುವಂತಿಲ್ಲ. ಒಬ್ಬೊಬ್ಬನ ಮೈಮೇಲೂ ಕನಿಷ್ಠ ಮೂರು ಬಣ್ಣ, ಕಾಲ ಕೆಳಗಿನ ಬಿಲ್ಲೆಗೆ ಮಣ್ಣು ಮೆತ್ತಿರಬೇಕು. ವರ್ಷಕ್ಕೊಂದು ಸಲ ಅಲ್ಲಿ ಜೋಡಿ ಆಟ ನಡೆಯುತ್ತಿತ್ತು. ಒಬ್ಬರು ದೊಡ್ಡವರು, ಒಂದು ಮಗು. ಮಗುವಿಗೆ ಹತ್ತು ತುಂಬಿರಬೇಕು, ಹದಿನಾಲ್ಕು ತುಂಬಿರಬಾರದು.

ಮಗಳಿಗೆ ಹತ್ತು ತುಂಬಿದ ದಿನವೇ ಅಪ್ಪ ಆ ಸೈನ್ಯದ ಪೆಟ್ಟಿಗೆ ತಂದಿದ್ದರು. ಇಬ್ಬರೂ ಸೇರಿ ಆಡುವುದೆಂದು ಮಾತು. ಆ ವರ್ಷ ಕಣ್ಣೂ ಸೇರಿ ಎಲ್ಲ ಮುಗಿದಿತ್ತು. ಆಟಕ್ಕೆ ಹನ್ನೊಂದು ದಿನ ಇರುವಾಗ ಯಜಮಾನರು ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಅದರಲ್ಲಿ ಯಾರೋ ಪುಣ್ಯಾತ್ಮ ಮೇಲಂಗಿಯ ನೆರಳನ್ನು ಏಳು ಪದರದಲ್ಲಿ ಹಚ್ಚಿದ್ದ. ಇವರ ಮೇಲಂಗಿಗೆ ಒಂದೇ ನೀಲಿ. ಸರಿ, ಸೈನಿಕರನ್ನೆಲ್ಲ ಬಚ್ಚಲು ತೊಳೆಯುವ ದ್ರವದಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಬಣ್ಣ ಪೂರ್ತಿ ತೆಗೆದು ಮತ್ತೆ ಶುರು ಮಾಡಿದರು. ಎರಡನೆಯ ವರ್ಷ ಮೇಲಂಗಿ ಏಳು ಪದರವಾಯಿತು, ಕಣ್ಣು ಮೆಳ್ಳಗಣ್ಣಾಯಿತು. ಬ್ರಶ್ ಸರಿಯಿಲ್ಲ ಎಂದು ಮತ್ತೆ ದ್ರವ. ಮೂರನೆಯ ವರ್ಷವೂ ಮೆಳ್ಳಗಣ್ಣು. ದೀಪ ಸರಿಯಿಲ್ಲ ಎಂದು ಮತ್ತೆ ದ್ರವ. ಅಷ್ಟು ಸಲ ಸ್ನಾನ ಮಾಡಿಸಿದ್ದರೆ ಕಲ್ಲಾದರೂ ಸವೆಯುತ್ತಿತ್ತು. ಸೈನಿಕರ ಮೂಗುಗಳು ಆಗಲೇ ಮೊಂಡಾಗುತ್ತ ಬಂದಿದ್ದವು.

ಪ್ರತಿ ಸಲ ಅಪ್ಪ ಹೇಳುತ್ತಿದ್ದುದು ಒಂದೇ ಮಾತು. ಮುಂದಿನ ವರ್ಷ ಖಂಡಿತ, ಪುಟ್ಟಿ. ಮಗಳ ಉತ್ತರವೂ ಒಂದೇ. ಪರವಾಗಿಲ್ಲ ಅಪ್ಪ. ಹತ್ತರ ವಯಸ್ಸಿನಲ್ಲಿ ಆ ಮಾತನ್ನು ಅವಳು ಅಳುತ್ತ ಹೇಳಿದ್ದಳು. ಹನ್ನೊಂದಕ್ಕೆ ಕಿಟಕಿಯ ಕಡೆ ತಿರುಗಿ ಹೇಳಿದ್ದಳು. ಹನ್ನೆರಡಕ್ಕೆ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. ಅಳುವ ಮಗುವನ್ನು ಸಮಾಧಾನ ಮಾಡುವುದು ತಾಯಿಗೆ ಗೊತ್ತಿತ್ತು. ತಲೆ ಎತ್ತದ ಮಗುವಿಗೆ ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಈ ವರ್ಷದ ಜೋಡಿ ಆಟ ಭಾನುವಾರ ಇತ್ತು. ಮೂರು ವಾರ ಕಳೆದರೆ ಮಗಳಿಗೆ ಹದಿನಾಲ್ಕು. ಅಂದರೆ ಇನ್ನು ಮುಂದಿನ ವರ್ಷ ಎಂಬುದೇ ಇರಲಿಲ್ಲ. ಇದನ್ನು ತಾಯಿ ಲೆಕ್ಕ ಹಾಕಿದ್ದಳು, ಮಗಳೂ ಹಾಕಿದ್ದಳು. ಸೇನಾಪತಿಗಳಿಗೆ ಮಾತ್ರ ಬೆಲ್ಟಿನ ಬಣ್ಣದ ಯೋಚನೆ.

ಆಟಕ್ಕೆ ಆರು ದಿನವಿದ್ದ ಸೋಮವಾರ ಬೆಳಿಗ್ಗೆ ಮನೆಯೊಡತಿ ನೆಲ ಒರೆಸಲೆಂದು ಫ್ರಿಜ್ಜನ್ನು ಎಳೆದಳು. ಹಿಂದಿನಿಂದ ಪೊರಕೆಗೆ ಧೂಳಿನ ಉಂಡೆಯೊಂದು ಬಂತು, ಉಂಡೆಯೊಳಗೆ ಈಟಿ ಹಿಡಿದ ಒಂದು ಕೈ. ಮೊದಲ ವರ್ಷದಿಂದ ತಲೆಮರೆಸಿಕೊಂಡಿದ್ದ ನಲವತ್ತನೆಯವನು ಸಿಕ್ಕಿಬಿದ್ದಿದ್ದ. ಸೆರಗಿನಲ್ಲಿ ಒರೆಸಿ, ಹೊಲಿಗೆ ಯಂತ್ರದ ದೀಪದ ಕೆಳಗೆ ಹಿಡಿದು, ತನ್ನ ಓದುವ ಕನ್ನಡಕ ಏರಿಸಿ ನೋಡಿದಳು. ಒಂದೇ ನೀಲಿಯ ಮೇಲಂಗಿ. ಮೂಗು ಇನ್ನೂ ಚೂಪು. ಆದರೆ ಅವಳ ಕೈ ನಿಂತದ್ದು ಅದಕ್ಕಲ್ಲ. ಆ ಹುಡುಗ ನೆಟ್ಟಗೆ ಅವಳನ್ನೇ ನೋಡುತ್ತಿದ್ದ. ಎರಡೂ ಕಣ್ಣು, ಎರಡೂ ಚುಕ್ಕೆ, ಸರಿಯಾಗಿ ನಡುವೆ.

ಅವಳು ಮೇಜಿನ ಹತ್ತಿರ ಹೋದಳು. ಯಜಮಾನರು ಹಿಂದಿನ ಸಂಜೆ ಐದು ಜನರಿಗೆ ಕಣ್ಣು ಬರೆದಿದ್ದರು. ಐದೂ ಜನ ಎಡಕ್ಕೆ, ಅಂದರೆ ಅಡುಗೆಮನೆಯ ಕಡೆಗೆ, ಊಟ ಎಷ್ಟು ಹೊತ್ತಿಗೆ ಎಂದು ಕೇಳುವವರ ಹಾಗೆ ನೋಡುತ್ತಿದ್ದರು. ಒಬ್ಬ ಎಡ, ಒಬ್ಬ ಬಲ ಆಗಿದ್ದರೆ ಕೈ ನಡುಗಿತು ಅನ್ನಬಹುದು. ಐವರೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು. ಹೊಲಿಗೆ ಹೀಗೆ ಸಾಲಾಗಿ ಒಂದೇ ಕಡೆ ಸರಿದರೆ ಅವಳು ಕೈಯನ್ನು ಬೈಯುವುದಿಲ್ಲ, ಯಂತ್ರದ ಸೂಜಿಯನ್ನು ನೋಡುತ್ತಾಳೆ.

ಆಮೇಲೆ ಒಂದೊಂದಾಗಿ ನೆನಪಿಗೆ ಬಂತು. ಈಚೆಗೆ ಪತ್ರಿಕೆಯನ್ನು ಯಜಮಾನರು ಎದುರುಮನೆಯವರಿಗೆ ಓದಿಸುವ ಹಾಗೆ ಕೈ ಚಾಚಿ ಹಿಡಿಯುತ್ತಿದ್ದರು. ಔಷಧಿಯ ಬಾಟಲಿ ಕೊಟ್ಟರೆ ಕೈ ಒದ್ದೆ, ಪುಟ್ಟಿ ನೀನೇ ಓದು ಅನ್ನುತ್ತಿದ್ದರು. ಅದನ್ನೆಲ್ಲ ಅವಳು ಇಷ್ಟು ದಿನ ಸೋಮಾರಿತನ ಎಂದು ತಿಳಿದು ಕ್ಷಮಿಸಿದ್ದಳು. ನಲವತ್ತಾರು ವರ್ಷ. ಹತ್ತಿರದ್ದು ಕಾಣದ ವಯಸ್ಸು. ಊರಿಗೆಲ್ಲ ಓದುವ ಕನ್ನಡಕ ಏರಿಸಿದ ಮಹಾನುಭಾವರು ತಮ್ಮ ಮೂಗನ್ನು ಮರೆತಿದ್ದರು. ಕಾಣದ್ದನ್ನು ಭೂತಗನ್ನಡಿಯಲ್ಲಿ ಹುಡುಕುತ್ತ, ಒಂದು ಕಣ್ಣು ಮುಚ್ಚಿ, ಓರೆಯಾಗಿ ನೋಡಿ ನೋಡಿ, ತಮಗೆ ನಡುವೆ ಕಂಡ ಜಾಗದಲ್ಲಿ ಚುಕ್ಕೆ ಇಡುತ್ತಿದ್ದರು. ಅದಕ್ಕೆ ಎರಡು ಬಾರಿ ಬ್ರಶ್ಶಿಗೂ ದೀಪಕ್ಕೂ ಬೈಗುಳ, ಮೂವತ್ತೊಂಬತ್ತು ಜನರಿಗೆ ಸ್ನಾನ.

ಅವಳು ಫ್ರಿಜ್ಜಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಇದನ್ನು ಅವರಿಗೆ ಹೇಳುವುದು ಹೇಗೆ?

ಎರಡು ವರ್ಷದ ಹಿಂದೆ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ಅವರೇ ಕೂರಿಸಿ ಉಪನ್ಯಾಸ ಕೊಟ್ಟಿದ್ದರು. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತೆ, ಎಲ್ಲರಿಗೂ ಆಗುತ್ತೆ, ಇದರಲ್ಲಿ ನಾಚಿಕೆ ಪಡೋದೇನಿದೆ ಎಂದು. ಎಲ್ಲರಿಗೂ ಎಂಬುದರಲ್ಲಿ ತಾವು ಸೇರಿದ್ದೇವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ಟೀ ಹೊತ್ತಿಗೆ ಅವಳು ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮೆಲ್ಲಗೆ ಮಾತು ತೆಗೆದಳು.

"ರೀ, ನೀವೂ ಒಂದ್ಸಲ ಕಣ್ಣು ನೋಡಿಸ್ಕೊಂಡ್ರೆ ಹೇಗೆ?"

"ಯಾರಿಗೆ ನೋಡಿಸ್ಲಿ, ನನಗೇನಾ?" ಎಂದರು ಅವರು. "ಪ್ರತಿ ವರ್ಷ ನಾನೇ ನೋಡ್ಕೋತೀನಿ. ಕಾರ್ಡಿನ ಕೊನೇ ಸಾಲು, ಅತಿ ಚಿಕ್ಕ ಅಕ್ಷರ, ತಡವರಿಸದೆ ಓದ್ತೀನಿ. ಅಲ್ಲಿ ನೋಡು, ಎದುರು ಕಟ್ಟಡದ ನಾಲ್ಕನೇ ಮಹಡಿ. ಒಣಗ್ತಿರೋ ಕಾಲುಚೀಲದ ಹೆಬ್ಬೆರಳಲ್ಲಿ ತೂತಿದೆ."

ಅವಳು ನೋಡಿದಳು. ತೂತು ಇತ್ತು. ದೂರದ ತೂತುಗಳನ್ನು ಕಾಣುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಆದರೆ ಆ ಕಾರ್ಡಿನ ಮಾತು ಅವಳ ಕಿವಿಯಲ್ಲಿ ಉಳಿಯಿತು. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಜನರ ಕೈಯಲ್ಲಿ ಓದಿಸುವ ಕಾರ್ಡು. ಅದರ ಕೊನೆಯ ಸಾಲನ್ನು ಓದುವುದಕ್ಕೆ ಅವರಿಗೆ ಕಣ್ಣು ಯಾಕೆ ಬೇಕು? ಕಣ್ಣು ಕಟ್ಟಿ ನಿಲ್ಲಿಸಿದರೂ ಒಪ್ಪಿಸುತ್ತಾರೆ. ಪ್ರಶ್ನೆಪತ್ರಿಕೆ ಬರೆದವರೇ ಪ್ರತಿ ವರ್ಷ ಪರೀಕ್ಷೆಗೆ ಕೂತು, ತಮಗೆ ತಾವೇ ನೂರಕ್ಕೆ ನೂರು ಕೊಟ್ಟುಕೊಳ್ಳುತ್ತಿದ್ದರು.

ಬುಧವಾರ ಮಧ್ಯಾಹ್ನ ಅವಳು ಬಚ್ಚಲುಮನೆ ತೊಳೆದಳು. ಗೋಡೆ, ನೆಲ, ಬಕೆಟ್ಟಿನ ಹೊರಗೆ, ಬಕೆಟ್ಟಿನ ಒಳಗೆ, ದ್ರವದ ಬಾಟಲಿಗಳು ಮೂರೂ ಖಾಲಿಯಾಗುವವರೆಗೆ ತೊಳೆದಳು.

ಸಂಜೆ ಯಜಮಾನರು ಭೂತಗನ್ನಡಿಯಿಂದ ಮುಖ ಎತ್ತಿದರು. ಇನ್ನೂ ಮೂವರಿಗೆ ಕಣ್ಣು ಬರೆದಿದ್ದರು. ಎಂಟು ಜನ ಅಡುಗೆಮನೆಯ ಕಡೆ ನೋಡುತ್ತಿದ್ದರು. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಉಸಿರು ಬಿಟ್ಟ ರೀತಿಗೇ ಮನೆಯಲ್ಲಿ ಎಲ್ಲರಿಗೂ ಮುಂದಿನದು ಗೊತ್ತಾಯಿತು.

ಅವರು ಬಾಯಿ ತೆರೆಯುವ ಮೊದಲೇ ಸೋಫಾದ ಮೇಲಿದ್ದ ಮಗಳು, "ಪರವಾಗಿಲ್ಲ ಅಪ್ಪ," ಅಂದಳು. "ಭಾನುವಾರ ಈಜೋಕೆ ಬರ್ತೀನಿ ಅಂತ ಗೆಳತಿಗೆ ಆಗ್ಲೇ ಹೇಳಿದ್ದೀನಿ."

ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ. ನಾಳೆ ಶಾಲೆಗೆ ರಜೆ ಎಂದು ಹೇಳುವ ಹಾಗೆ ಹೇಳಿದ್ದಳು. ತಾಯಿಯ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

ಯಜಮಾನರು ಬಚ್ಚಲಿಗೆ ಹೋಗಿ ಖಾಲಿ ಬಾಟಲಿ ಹಿಡಿದುಕೊಂಡು ಬಂದರು. ಇದೆಲ್ಲ ಏನಾಯಿತು ಎಂದು ಕೇಳಿದರು.

"ಬಚ್ಚಲು ತೊಳ್ದೆ. ಅದರ ಮೇಲೆ ಹಾಗೇ ಬರ್ದಿದೆ ರೀ, ಬಚ್ಚಲು ತೊಳೆಯೋಕೆ ಅಂತ. ನಾಲ್ಕು ವರ್ಷ ಆದ್ಮೇಲೆ ಪಾಪ, ಅದಕ್ಕೂ ತನ್ನ ಕೆಲಸ ಮಾಡೋ ಯೋಗ ಬಂತು."

ಯಜಮಾನರು ನಾಳೆ ಅಂಗಡಿ ಮುಚ್ಚಿ ಬರುವಾಗ ತರುತ್ತೇನೆ ಎಂದರು. ತನ್ನಿ, ನನ್ನ ಕನ್ನಡಕವೂ ಸಡಿಲಾಗಿದೆ, ನಾಳೆ ಸಂಜೆ ಪುಟ್ಟಿ ಜೊತೆ ಅಂಗಡಿಗೇ ಬರುತ್ತೇನೆ, ಒಟ್ಟಿಗೆ ತರೋಣ ಎಂದಳು ಅವಳು. ಅಷ್ಟು ಸಾಧುವಾಗಿ ಹೇಳಿದಳೆಂದರೆ, ಹದಿನೇಳು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಗುರುವಾರ ಸಂಜೆ ಅಂಗಡಿಯಲ್ಲಿ ಒಬ್ಬರೇ ಗಿರಾಕಿ ಇದ್ದರು. ನಿವೃತ್ತ ಟೀಚರಮ್ಮ, ಕನ್ನಡಕದ ಕಡ್ಡಿ ಸರಿ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದರು. ಹೊಲಿಗೆಯವಳು ಚೀಲದಿಂದ ಗಿರಾಕಿಯೊಬ್ಬರ ಕೋಟು ತೆಗೆದು, ಕಾಲರಿನ ಒಳಗೆ ಹೊಲಿದಿದ್ದ ಪುಟ್ಟ ಚೀಟಿಯನ್ನು ಗಂಡನ ಮುಂದೆ ಹಿಡಿದಳು.

"ನನ್ನ ಕನ್ನಡಕ ಪುಟ್ಟಿ ಒರೆಸ್ತಿದ್ದಾಳೆ. ಇದರಲ್ಲಿ ಏನು ಬರ್ದಿದೆ ಓದಿ ಹೇಳಿ. ಇಸ್ತ್ರಿ ಮಾಡಬಹುದಾ ಇಲ್ವಾ ಗೊತ್ತಾಗ್ಬೇಕು."

ಯಜಮಾನರು ಕೋಟು ತೆಗೆದುಕೊಂಡರು. ಚೀಟಿಯನ್ನು ನೋಡಿದರು. ಕೋಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು, ಇನ್ನೂ ಸ್ವಲ್ಪ ಸರಿಸಿದರು. ಕೈ ಮುಗಿಯಿತು, ಅಕ್ಷರ ಸಿಕ್ಕಲಿಲ್ಲ. ಬೆಳಕು ಸಾಲದೆಂದು ಬಾಗಿಲಿಗೆ ಹೋದರು. ಈಗಿನ ಕಾಲದಲ್ಲಿ ಅಚ್ಚು ಹಾಕುವವರಿಗೆ ಜವಾಬ್ದಾರಿಯೇ ಇಲ್ಲ ಎಂದು ಬೀದಿಗೆ ತಿಳಿಸಿದರು. ಕತ್ತನ್ನು ಹಿಂದಕ್ಕೆ ಬಾಗಿಸಿ, ಗಡ್ಡ ಎತ್ತಿ, ಎಡಗಣ್ಣು ಮುಚ್ಚಿದರು.

ಬೆಂಚಿನಿಂದ ಟೀಚರಮ್ಮ ಇದನ್ನೆಲ್ಲ ಗಮನವಿಟ್ಟು ನೋಡುತ್ತಿದ್ದರು.

"ನಾನೂ ಹೀಗೇ ಮಾಡ್ತಿದ್ದೆ," ಎಂದರು ಅವರು. "ಆಗ ನೀವೇ ಅಲ್ವಾ ಬೈದು ಕನ್ನಡಕ ಕೊಟ್ಟಿದ್ದು?"

ಗೋಡೆಯ ಮೇಲಿದ್ದ ಇನ್ನೂರು ಖಾಲಿ ಕನ್ನಡಕಗಳು ಯಜಮಾನರನ್ನು ನೋಡುತ್ತಿದ್ದವು. ಅವರು ಮೇಜಿನ ಮೇಲಿನ ಕಾರ್ಡನ್ನು ಎಳೆದುಕೊಂಡು ಕೊನೆಯ ಸಾಲನ್ನು ಗಡಗಡ ಒಪ್ಪಿಸಿದರು. ಮಗಳು ಬಂದು ಅವರ ಕೈಯಲ್ಲಿದ್ದ ಕಾರ್ಡನ್ನು ಮೆಲ್ಲಗೆ ತಿರುಗಿಸಿ ತೋರಿಸಿದಳು. ಅವರು ಅಷ್ಟು ಹೊತ್ತು ಓದಿದ್ದು ಕಾರ್ಡಿನ ಖಾಲಿ ಬೆನ್ನನ್ನು.

ಇನ್ನು ವಾದ ಮಾಡಲು ಏನೂ ಉಳಿದಿರಲಿಲ್ಲ. ಮಗಳು ಅಪ್ಪನನ್ನು ಅವರದೇ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು. ಗಾಜು ಬದಲಿಸುವ ದುಂಡನೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಹಾಕತೊಡಗಿದಳು. ಅಪ್ಪನ ಅಂಗಡಿಯಲ್ಲಿ ಆಡಿ ಬೆಳೆದ ಹುಡುಗಿ, ಅಪ್ಪನ ಧ್ವನಿಯಲ್ಲೇ ಕೇಳಿದಳು.

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ? ನಿಧಾನವಾಗಿ ಹೇಳಿ, ಅವಸರ ಇಲ್ಲ."

ಒಂದೂವರೆ ಪವರಿನ ಗಾಜು ಹಾಕಿದಾಗ ಯಜಮಾನರು ಕೋಟಿನ ಚೀಟಿ ಎತ್ತಿಕೊಂಡರು.

"ತಣ್ಣೀರಿನಲ್ಲಿ ಒಗೆಯಿರಿ," ಎಂದು ಓದಿದರು. ಸ್ವಲ್ಪ ತಡೆದು, "ಹಿಂಡಬೇಡಿ," ಎಂದರು. ಚೀಟಿಯೇ ತಮ್ಮ ಪರವಾಗಿ ಬೇಡಿಕೊಳ್ಳುತ್ತಿದೆಯೇನೋ ಅನ್ನುವ ಧ್ವನಿ.

ಆಮೇಲೆ ತಲೆ ಎತ್ತಿದರು. ಮಗಳು ಚೌಕಟ್ಟು ಸರಿಮಾಡುತ್ತ ಅವರ ಮುಖದ ಹತ್ತಿರವೇ ಬಗ್ಗಿದ್ದಳು. ಯಜಮಾನರು ಅವಳ ಗಲ್ಲವನ್ನೇ ನೋಡಿದರು. ಅಲ್ಲಿ ಒಂದು ಸಣ್ಣ ಬಿಳಿ ಗಾಯದ ಗೆರೆ ಇತ್ತು.

"ಇದು ಯಾವಾಗ ಆಯ್ತು ಪುಟ್ಟಿ?"

"ಅದಾ? ಎರಡು ವರ್ಷ ಆಯ್ತಲ್ಲ ಅಪ್ಪ. ಸೈಕಲ್ಲಿಂದ ಬಿದ್ದಾಗ. ನೀನೇ ಅಲ್ವಾ ಪಟ್ಟಿ ಹಾಕಿದ್ದು?"

ಯಜಮಾನರು ಆ ಗೆರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಹೆಂಡತಿ ಸೋಮವಾರದಿಂದ ನಾಲಿಗೆಯ ತುದಿಯಲ್ಲಿ ಚೂಪು ಮಾಡಿ ಇಟ್ಟುಕೊಂಡಿದ್ದ ನಾಲ್ಕು ಮಾತುಗಳನ್ನು ಆ ಹೊತ್ತು ಹಾಗೇ ನುಂಗಿಕೊಂಡಳು. ದ್ರವ ತರುವುದು ಯಾರಿಗೂ ನೆನಪಾಗಲಿಲ್ಲ. ನೆನಪಿದ್ದ ಒಬ್ಬಳು ನೆನಪಿಸಲಿಲ್ಲ.

ಕನ್ನಡಕ ಹಾಕಿದ ಕೂಡಲೇ ಎಲ್ಲ ಸುಖವಾಗುತ್ತದೆ ಎಂದು ಅವಳು ನಂಬಿದ್ದಳು. ಗಂಡನ ಬಗ್ಗೆ ಇಷ್ಟು ವರ್ಷವಾದರೂ ಅವಳಿಗೆ ಪೂರ್ತಿ ತಿಳುವಳಿಕೆ ಬಂದಿರಲಿಲ್ಲ. ಮನೆಗೆ ಬಂದ ಯಜಮಾನರು ಅಂಗಡಿಯಿಂದ ತಂದ ಹೊಸ ಕನ್ನಡಕದಲ್ಲಿ ತಮ್ಮ ಸೈನ್ಯವನ್ನು ಮೊದಲ ಬಾರಿಗೆ ಕಂಡರು. ಮೇಲಂಗಿಯ ಏಳು ಪದರಗಳ ನಡುವೆ ಮೆಟ್ಟಿಲುಗಳಿದ್ದವು. ಬೆಲ್ಟಿನ ಬಣ್ಣ ಹೊಟ್ಟೆಗೆ ಹರಿದಿತ್ತು. ಒಬ್ಬನ ಗಡ್ಡದಲ್ಲಿ ಬ್ರಶ್ಶಿನ ಕೂದಲೊಂದು ಶಾಶ್ವತವಾಗಿ ನೆಲೆಸಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಎಲ್ಲಾ ತೆಗೀಬೇಕು," ಎಂದರು. "ಎಲ್ಲಾನೂ. ಇಷ್ಟು ಕೆಟ್ಟದಾಗಿದೆ ಅಂತ ನೀವು ಯಾರಾದ್ರೂ ಹೇಳಬಾರದಿತ್ತಾ?"

ತಾಯಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಎದ್ದು ಬಂದಳು. ಅಪ್ಪನ ಮೂಗಿನ ಮೇಲಿನ ಕನ್ನಡಕ ತೆಗೆದು ಅಮ್ಮನ ಕೈಗಿತ್ತಳು. ಒಬ್ಬ ಸೈನಿಕನನ್ನು ಎತ್ತಿ, ಅಪ್ಪನ ಕೈ ಪೂರ್ತಿ ಚಾಚಿಸಿ, ಅಂಗೈ ಮೇಲೆ ನಿಲ್ಲಿಸಿದಳು.

"ಈಗ ನೋಡು."

ಅವರು ನೋಡಿದರು. ಕೈ ದೂರದಲ್ಲಿ ಮೆಟ್ಟಿಲುಗಳು ಒಂದರೊಳಗೊಂದು ಕರಗಿ ಮೇಲಂಗಿ ನಿಜವಾಗಿ ಬೀಸುತ್ತಿತ್ತು.

"ಚೆನ್ನಾಗೇ ಕಾಣುತ್ತೆ," ಎಂದರು, ಒಪ್ಪಿಕೊಳ್ಳಲು ಇಷ್ಟವಿಲ್ಲದೆ.

"ಆಟದ ಮೇಜಿನ ಮೇಲೆ ಅವ್ರು ಇಷ್ಟು ದೂರದಲ್ಲೇ ನಿಂತಿರ್ತಾರೆ. ಅವರ ಬೆಲ್ಟ್ ನೋಡೋಕೆ ಭೂತಗನ್ನಡಿ ತಗೊಂಡು ಯಾರೂ ಬರಲ್ಲ ಅಪ್ಪ, ನಿನ್ನ ಬಿಟ್ಟು." ಅಷ್ಟು ಹೇಳಿ ಅವಳು ಸೈನಿಕನನ್ನು ಮತ್ತೆ ಮೇಜಿನ ಮೇಲಿಟ್ಟಳು. "ನಂಗೆ ಚೆಂದದ ಸೈನ್ಯ ಬೇಡ. ನಿನ್ನ ಜೊತೆ ಒಂದ್ಸಲ ಆಡ್ಬೇಕು. ಈ ಭಾನುವಾರ ಬಿಟ್ರೆ ಇನ್ನಿಲ್ಲ. ಅದು ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅದು ಅವರ ಮುಖದಲ್ಲಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಓದಲು ಯಾವ ಗಾಜೂ ಬೇಕಾಗಿರಲಿಲ್ಲ.

ಆಗ ಮನೆಯೊಡತಿ ಕಾನೂನು ಮಾಡಿದಳು. ಕನ್ನಡಕ ಅವಳ ವಶದಲ್ಲಿರುತ್ತದೆ. ಕಣ್ಣು ಬರೆಯುವಾಗ ಮಾತ್ರ ಸಿಗುತ್ತದೆ. ಕಣ್ಣು ಬರೆದ ಸೈನಿಕ ತಕ್ಷಣ ಮೇಜಿನ ಆ ತುದಿಗೆ ಹೋಗಬೇಕು, ಮೇಲಂಗಿ, ಬೆಲ್ಟು, ಗಡ್ಡ ಯಾವುದನ್ನೂ ನೋಡುವಂತಿಲ್ಲ. ನೋಡಿದ್ದು ಕಂಡುಬಂದರೆ ಕನ್ನಡಕ ಅಕ್ಕಿಯ ಡಬ್ಬಿಯ ತಳಕ್ಕೆ. ಯಜಮಾನರು ಮೂಗು ಮುರಿದರು, ಆದರೆ ಕೂತರು. ಶುಕ್ರವಾರ ಸಂಜೆ, ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ. ಭೂತಗನ್ನಡಿ ಮೂಲೆ ಸೇರಿತು. ಎರಡೂ ಕಣ್ಣು ತೆರೆದು ಬರೆದರು. ಎದುರಿಗೆ ಮಗಳು ಬಿಲ್ಲೆಗಳಿಗೆ ಗೋಂದು ಹಚ್ಚಿ ಮರಳು ಉದುರಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು, ಅದರ ಸದ್ದಿಗೆ ಈ ಸಲ ರಾಜ್ಯವೇನೂ ಮುಳುಗಲಿಲ್ಲ.

ಸಂಜೆಗೆ ಕೆಲಸ ಮುಗಿಯಿತು. ಕಣ್ಣುಗಳು ಎಲ್ಲವೂ ನೆಟ್ಟಗೆ ಬಂದವು ಎಂದರೆ ಸುಳ್ಳಾಗುತ್ತದೆ. ಒಬ್ಬ ಆಕಾಶ ನೋಡುತ್ತಿದ್ದ, ಒಬ್ಬ ಪಕ್ಕದವನ ಈಟಿಯನ್ನು, ಇನ್ನೊಬ್ಬನಿಗೆ ಏನೋ ಮರೆತುಬಂದ ಗಾಬರಿ. ಆದರೆ ಎಲ್ಲರೂ ಒಂದೇ ಕಡೆ ನೋಡುತ್ತಿರಲಿಲ್ಲ. ಯುದ್ಧಕ್ಕೆ ಹೊರಟ ನಿಜವಾದ ಜನರ ಹಾಗೆ ಕಾಣುತ್ತಿದ್ದರು. ಕೊನೆಗೆ ಮನೆಯೊಡತಿ ಸೂಜಿಪೆಟ್ಟಿಗೆಯಿಂದ ನಲವತ್ತನೆಯವನನ್ನು ತೆಗೆದು ಸಾಲಿನ ಮುಂದೆ ನಿಲ್ಲಿಸಿದಳು. ಯಜಮಾನರು ಅವನನ್ನು ಬಹಳ ಹೊತ್ತು ನೋಡಿ, ಯಾರು ಬರೆದದ್ದು ಈ ಕಣ್ಣು, ಎಷ್ಟು ಚೆನ್ನಾಗಿದೆ ಎಂದು ಕೇಳಿದರು. ನೀವೇ, ನಲವತ್ತೆರಡರಲ್ಲಿ, ಎಂದಳು ಅವಳು.

ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ಹಲ್ಲಿನ ಡಾಕ್ಟರು ತಪಾಸಣೆಗೆ ನಿಂತಿದ್ದರು. ನಾಲ್ಕು ವರ್ಷದಿಂದ ಚಂದಾ ಕಟ್ಟಿ ಸೈನ್ಯವಿಲ್ಲದೆ ಬರುತ್ತಿದ್ದ ಯಜಮಾನರನ್ನು ಅವರು ಅನುಮಾನದಿಂದ ಬರಮಾಡಿಕೊಂಡು, ಒಬ್ಬ ಸೈನಿಕನನ್ನು ಎತ್ತಿ ಬಣ್ಣ ಎಣಿಸತೊಡಗಿದರು. ಕಣ್ಣು ಕಿರಿದು ಮಾಡಿದರು. ಕೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು, ಇನ್ನೂ ಸ್ವಲ್ಪ ಸರಿಸಿದರು. ಗೋಡೆಯ ಬದಿಯ ಕುರ್ಚಿಯಲ್ಲಿ ಕೋಟಿನ ಅಂಚು ಹೊಲಿಯುತ್ತಿದ್ದ ಅವಳಿಗೆ ಗಂಡನ ಬೆನ್ನು ನೆಟ್ಟಗಾದದ್ದು ಕಾಣಿಸಿತು.

"ಡಾಕ್ಟ್ರೇ, ನಾಳೆ ಅಂಗಡಿ ಕಡೆ ಬನ್ನಿ," ಎಂದರು ಯಜಮಾನರು, ತುಂಬ ಮೃದುವಾಗಿ. "ಎಲ್ಲರಿಗೂ ಆಗುತ್ತೆ. ಇದರಲ್ಲಿ ನಾಚಿಕೆ ಪಡೋದೇನಿದೆ?"

ಅವಳು ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಡಿದಳು. ಬೇರೆ ಏನಾದರೂ ಹೇಳಿಬಿಡುವ ಭಯವಿತ್ತು.

ಸೈನ್ಯ ಮೇಜು ಹತ್ತಿತು. ಎದುರಿಗಿದ್ದವರು ಡಾಕ್ಟರು ಮತ್ತು ಅವರ ತಂಗಿಯ ಹತ್ತು ವರ್ಷದ ಮಗಳು. ನಾಲ್ಕು ವರ್ಷದಲ್ಲಿ ಬಣ್ಣದ ವಿದ್ಯೆಯನ್ನೆಲ್ಲ ಅರೆದು ಕುಡಿದಿದ್ದ ಯಜಮಾನರು, ಆಟದ ನಿಯಮಗಳನ್ನು ಓದಲು ಮರೆತಿದ್ದರು ಎಂಬುದು ಮೊದಲ ಸುತ್ತಿನಲ್ಲೇ ತಿಳಿಯಿತು. ಎರಡನೆಯ ಸುತ್ತಿಗೆ ಅರ್ಧ ಸೈನ್ಯ ಮಲಗಿತ್ತು. ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತ, ಅಮ್ಮನ ಅಳತೆ ಟೇಪಿನಲ್ಲಿ ಅಳೆಯುತ್ತ, ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಬೈಯುತ್ತ ಸೋತರು. ಮೂರನೆಯ ಸುತ್ತಿನಲ್ಲಿ ಆ ಹತ್ತರ ಹುಡುಗಿ ದಾಳ ಎಸೆದು ಏಳು ಪದರದ ಮೇಲಂಗಿಗಳನ್ನೆಲ್ಲ ಒಂದೇ ಏಟಿಗೆ ನೆಲಕ್ಕೆ ಕೆಡವಿದಳು. ಕೊನೆಯವರೆಗೆ ನಿಂತವನು ಒಬ್ಬನೇ, ಒಂದೇ ನೀಲಿಯ ಫ್ರಿಜ್ಜಿನವನು. ಅವನೂ ನಾಲ್ಕನೆಯ ಸುತ್ತಿಗೆ ಬಿದ್ದ. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಪ್ಪ ಮಾತ್ರ, ಬಿದ್ದವರನ್ನು ಬಣ್ಣ ಕೀಳದ ಹಾಗೆ ಮೆಲ್ಲಗೆ ಮಲಗಿಸಿ ಎಂದು ಎದುರಾಳಿಗಳನ್ನು ಬೇಡಿಕೊಳ್ಳುತ್ತಿದ್ದರು.

ಮನೆಗೆ ನಡೆದು ಬರುವಾಗ ಸೈನ್ಯದ ಡಬ್ಬಿ ಮಗಳ ಕೈಯಲ್ಲಿತ್ತು. ಮುಂದಿನ ವರ್ಷ ಜೋಡಿ ಆಟಕ್ಕೆ ನನಗೆ ವಯಸ್ಸು ಮೀರಿರುತ್ತೆ ಎಂದಳು. ಯಜಮಾನರು ತಲೆ ತಗ್ಗಿಸಿ ನಡೆದರು.

"ಅದಕ್ಕೇ ನಿನ್ನ ಎದುರು ಆಡ್ತೀನಿ," ಎಂದಳು ಮಗಳು. "ಒಂದು ಸೈನ್ಯ ಬೇಕು. ಕೆಂಪು ಮೇಲಂಗಿ. ಕಣ್ಣು ನಾನೇ ಬರೀತೀನಿ, ನೀನು ಕೈ ಹಾಕೋ ಹಾಗಿಲ್ಲ."

ಯಜಮಾನರ ಮುಖ ಅರಳಿತು. ಕೆಂಪಿನಲ್ಲಿ ಎಷ್ಟು ಬಗೆ ಎಂದು ಅವರು ಬೀದಿಯ ತಿರುವಿನವರೆಗೂ ವಿವರಿಸಿದರು. ತಿರುವಿನಲ್ಲಿ ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು, ಏಕೆಂದರೆ ಇಬ್ಬರೂ ಒಟ್ಟಿಗೆ ಮನೆಯೊಡತಿಯ ಕಡೆ ತಿರುಗಿದರು. ಊಟದ ಮೇಜಿನಲ್ಲಿ ಗೋಡೆಯ ಕಡೆಯ ಅರ್ಧ, ಇಸ್ತ್ರಿಯ ಬಟ್ಟೆ ಇಡುವ ಜಾಗ, ಅದು ಸುಮ್ಮನೆ ಇದೆಯಲ್ಲ ಎಂದರು.

ಆ ಸಂಜೆ ಮೂವರೂ ಸೋಫಾದಲ್ಲಿ ಸಾಲಾಗಿ ಕೂತು ಉಂಡರು. ಅಪ್ಪ ಮಗಳು ಮುಂದಿನ ಯುದ್ಧದ ಬಗ್ಗೆ ಜಗಳವಾಡುತ್ತ ಅವಳ ತಟ್ಟೆಯ ಮೇಲಿನಿಂದಲೇ ಕೈ ಬೀಸುತ್ತಿದ್ದರು. ಅವಳು ಇಸ್ತ್ರಿ ಬಟ್ಟೆಯನ್ನು ಆಗಲೇ ಮಂಚಕ್ಕೆ ಸಾಗಿಸಿಯಾಗಿತ್ತು. ಮೇಜಿನ ಮೇಲೆ ನಲವತ್ತು ಜನ ನಿಂತಿದ್ದರು, ನಲವತ್ತು ಜೊತೆ ಕಣ್ಣು ಅಗಲವಾಗಿ ತೆರೆದಿತ್ತು. ಅವಳ ಮೇಜನ್ನು ಪೂರ್ತಿ ನುಂಗಿದ್ದಕ್ಕೆ ಒಬ್ಬನಾದರೂ ನಾಚಿ ಕಣ್ಣು ತಗ್ಗಿಸಿದ್ದಾನೆಯೇ ಎಂದು ಅವಳು ಕನ್ನಡಕ ಏರಿಸಿ ನೋಡಿದಳು. ಒಬ್ಬನೂ ತಗ್ಗಿಸಿರಲಿಲ್ಲ.